ಗೇಣುದ್ದದ ಮನೆಗೆ ಚೌಳು ಮಣ್ಣು

ರಜೆ ಎಂದರೆ ಮಕ್ಕಳಿಗೆ ಬಿಡುವು ಎಂದು ನಂಬಿರುವವರು ಇನ್ನೂ ಯಾರಾದರೂ ಇದ್ದರೆ, ಅವರ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ ಎಂದೇ ಅರ್ಥ. ಈಗಿನ ಶಾಲೆಗಳು ರಜೆ ಕೊಡುವುದು ಮಕ್ಕಳು ಆಡಲಿ ಎಂದಲ್ಲ. ಮನೆಯ ಹಿರಿಯರು ಇಷ್ಟು ವರ್ಷ ಕಲಿಯದೆ ತಪ್ಪಿಸಿಕೊಂಡಿದ್ದನ್ನೆಲ್ಲ ಹತ್ತು ದಿನದಲ್ಲಿ ಕಲಿತು ಮುಗಿಸಲಿ ಎಂದು. ಅದಕ್ಕೆ ಪ್ರಾಜೆಕ್ಟ್ ಎಂದು ಹೆಸರು. ಬೇಸಿಗೆಗೆ ಒಂದು, ದಸರೆಗೆ ಒಂದು, ಡಿಸೆಂಬರಿನ ಕ್ರಿಸ್‌ಮಸ್ ರಜೆಗೆ ಇನ್ನೊಂದು. ಮಗು ಹೊರಗೆ ಕುಂಟೆಬಿಲ್ಲೆ ಆಡುತ್ತಿರುತ್ತದೆ, ಒಳಗೆ ಅಪ್ಪ ಮೈಯೆಲ್ಲ ಬಣ್ಣ ಮಾಡಿಕೊಂಡು ಜ್ವಾಲಾಮುಖಿ ಮಾಡುತ್ತಿರುತ್ತಾನೆ. ಇದೆಲ್ಲ ಪಕ್ಕದ ಮನೆಯವರ ಕಷ್ಟವೆಂದು ನಾನು ಕಟ್ಟೆಯ ಮೇಲೆ ಕೂತು ನಗುತ್ತಿದ್ದೆ. ಈ ವರ್ಷ ನನ್ನ ಮೊಮ್ಮಗಳು ಕಾವ್ಯಾ ಒಂದು ಹಾಳೆ ತಂದು ನನ್ನ ತೊಡೆಯ ಮೇಲಿಟ್ಟಳು. ಈಗ ಪಕ್ಕದ ಮನೆಯವರು ನಗುತ್ತಿದ್ದಾರೆ.

ಕಾವ್ಯಾ ಮೂರನೆಯ ಕ್ಲಾಸು. ನಾನು ಓದಿದ್ದೂ ಮೂರನೆಯ ಕ್ಲಾಸೇ. ಹಾಗಾಗಿ ಈ ಒಂದು ವರ್ಷ ನಾವಿಬ್ಬರೂ ಸರಿಸಮಾನರು, ಬರುವ ವರ್ಷ ಅವಳು ನನ್ನನ್ನು ದಾಟಿ ಹೋಗುತ್ತಾಳೆ. ಹೋಗಲಿ, ನನಗದೇ ಹಬ್ಬ. ಆ ಹುಡುಗಿ ಹುಟ್ಟಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಅವಳಿಗೆ ಮೊದಲ ಹಲ್ಲು ಬಂದಾಗ ಓಣಿಗೆಲ್ಲ ಸುದ್ದಿ ಮುಟ್ಟಿಸಿದೆ. ಅದು ಬಿದ್ದಾಗಲೂ ಮುಟ್ಟಿಸಿದೆ. "ಲೋಕದಾಗ ಇವರೊಬ್ಬರಿಗೇ ಮೊಮ್ಮಗಳು ಹುಟ್ಯಾಳ" ಎಂದು ನನ್ನ ಹೆಂಡತಿ ಗಂಗಮ್ಮ ಬಂದವರೆದುರು ಹೇಳುತ್ತಾಳೆ. ಆಡಿಕೊಳ್ಳಲೆಂದೇ ಹೇಳುವುದು. ನನಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ, ನಿಜವನ್ನೇ ಹೇಳುತ್ತಾಳೆ ಅನ್ನಿಸುತ್ತದೆ.

ನಾನು ಕೊಟ್ಟೂರಿನ ಗೌಂಡಿ. ನಲವತ್ತು ವರ್ಷ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ತಿರುಗಿ ಊರವರ ಗೋಡೆ ಎಬ್ಬಿಸಿದವನು. ಮಂಡಿ ನೋವು ಬಂದ ಮೇಲೆ ಬಿಟ್ಟೆ. ಈ ಸಂಗತಿಯನ್ನು ಕಾವ್ಯಾ ಶಾಲೆಯಲ್ಲಿ ಮುಂಚೆಯೇ ಬಳಸಿಕೊಂಡು ಬಂದಿದ್ದಳು. ರಜೆಯಲ್ಲಿ ಎಲ್ಲರೂ ಒಂದೊಂದು ಪುಟ್ಟ ಮನೆ ಮಾಡಿ ತರಬೇಕು, ಜನವರಿಯಲ್ಲಿ ತಂದೆತಾಯಿಗಳ ಸಭೆಯ ದಿನ ಚೆನ್ನಾಗಿರುವವನ್ನು ಮುಂದಿನ ಟೇಬಲ್ಲಿನ ಮೇಲೆ ಇಡುತ್ತೇವೆ ಎಂದು ಮಿಸ್ ಹೇಳಿದಾಗ ಇವಳು ಎದ್ದು ನಿಂತು, "ನಮ್ಮಜ್ಜ ಗೌಂಡಿ ಅದಾನ್ರಿ ಮಿಸ್, ನಮ್ಮ ಮನೀನ ಫಸ್ಟ್" ಎಂದಳಂತೆ. ಹೋದ ವರ್ಷ ಇವಳು ಮಾಡಿದ ಕಾಗದದ ಬಸ್ಸು ಬೀರುವಿನ ಹಿಂದೆ ಹೋಗಿತ್ತು. ಸಭೆಗೆ ಬಂದ ಯಾರೂ ಅದನ್ನು ನೋಡಲಿಲ್ಲ ಎಂದು ಎರಡು ದಿನ ಊಟ ಬಿಟ್ಟಿದ್ದಳು. ಹಾಗಾಗಿ ಮುಂದಿನ ಟೇಬಲ್ಲು ಎಂದರೆ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ.

ಹಾಳೆಯಲ್ಲಿ ಒಂದು ಮನೆಯ ಚಿತ್ರವಿತ್ತು. ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡಿ ಅರ್ಧ ಅಳಿಸಿಹೋಗಿತ್ತು. ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಕಾವ್ಯಾ ಬೆರಳಿಟ್ಟು ಓದಿ, "ಚಳಿಗಾಲದ ಮನಿ ಮಾಡಬೇಕಂತಜ್ಜ, ಪೇಪರಿಂದು" ಎಂದಳು.

"ಚಳಿಗಾಲಕ್ಕ ಬ್ಯಾರೆ ಮನಿ ಕಟ್ಟತಾರೇನು?"

ನಮ್ಮ ಕಡೆ ಬೇಸಿಗೆಗೆ ಹಾಸಿಗೆ ಮಾಳಿಗೆ ಹತ್ತುತ್ತದೆ, ಚಳಿಗೆ ಕೆಳಗಿಳಿಯುತ್ತದೆ. ಮನೆ ಇದ್ದಲ್ಲೇ ಇರುತ್ತದೆ. ಕೊಟ್ಟೂರಿನ ಚಳಿಯಾದರೂ ಎಂಥದ್ದು? ಬೆಳಿಗ್ಗೆ ಬಂದು ಚಹಾ ಕುಡಿದು ಒಂಬತ್ತಕ್ಕೆ ಎದ್ದು ಹೋಗುವ ನೆಂಟ. ಶಾಲೆಯವರು ಮಾತ್ರ ಆ ನೆಂಟ ಹೋದ ಮೇಲೂ ಸಂಜೆಯವರೆಗೆ ಮಕ್ಕಳ ಮೈಮೇಲಿನ ಸ್ವೆಟರ್ ತೆಗೆಸುವುದಿಲ್ಲ. ಯೂನಿಫಾರ್ಮ್ ಅಂತೆ. ಮಕ್ಕಳು ಬೆವರಿ ಇಂಗ್ಲಿಷ್ ಕಲಿಯುತ್ತವೆ.

ಚಿತ್ರದ ಮನೆಯ ಮೇಲೆ ದಪ್ಪಗೆ, ಬೆಳ್ಳಗೆ ಏನೋ ಹಾಸಿದಂತಿತ್ತು. ಇದೇನವ್ವಾ ಎಂದೆ. "ಸ್ನೋ" ಎಂದಳು.

ಒಳಗಿನಿಂದ ಗಂಗಮ್ಮ ಕೂಗಿದಳು: "ಸ್ನೋ ಅಂದ್ರ ಮಾರಿಗೆ ಹಚ್ಕೊಳ್ಳೋದಲ್ಲೇನು? ಮದಿವಿ ದಿನ ನಿಮ್ಮಜ್ಜ ಡಬ್ಬಿ ಪೂರಾ ಬಡ್ಕೊಂಡಿದ್ರು. ಏನೂ ಫರಕ್ ಬೀಳಲಿಲ್ಲ."

"ಅಲ್ಲಬೇ ಅಜ್ಜಿ, ಮ್ಯಾಲಿಂದ ಐಸ್ ಉದುರತೈತಿ."

"ಐಸ್ ಅಂದ್ರ ಆಲಿಕಲ್ಲು" ಎಂದೆ ನಾನು. "ಅದು ಬಿದ್ದ ನಿಮಿಷಕ್ಕ ಕರಗಿ ಹೋಗ್ತೈತಿ. ಅಷ್ಟರಾಗ ಅದನ್ನ ಚಿತ್ರ ಬರಿಯೋರು ಯಾರು? ನೋಡವ್ವ, ಮಾಳಿಗಿ ಮ್ಯಾಲೆ ಬೆಳ್ಳಗ ಹಾಸೋದು ಒಂದ ಐತಿ. ಚೌಳು ಮಣ್ಣು."

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಸೀಮೆಯ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ ಇದ್ದಾಗ, ಮಳೆಗಾಲಕ್ಕೆ ಮುಂಚೆ ಕೆರೆಯಂಚಿನ ಬಿಳಿ ಉಪ್ಪುಮಣ್ಣು ತಂದು ಮೇಲೆ ಹಾಸುತ್ತಿದ್ದೆವು. ಮಳೆ ಬಿದ್ದರೆ ಅದು ಜಿಗುಟಾಗಿ ಕೂತು ಹನಿ ನೀರನ್ನೂ ಒಳಗೆ ಬಿಡುತ್ತಿರಲಿಲ್ಲ. ಇಂಗ್ಲಿಷಿನವರ ಮನೆಯೂ ಸೋರಬೇಕಲ್ಲ? ಅವರೂ ಹಾಸಿದ್ದಾರೆ. ನಾವು ಚೌಳು ಎನ್ನುವುದನ್ನು ಅವರು ಸ್ನೋ ಎನ್ನುತ್ತಾರೆ. ನನ್ನ ತಲೆಗೆ ಇದು ಅಷ್ಟು ಸಲೀಸಾಗಿ ಹೊಳೆದುಬಿಟ್ಟಿತು, ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

"ಟೀವಿಯಾಗ ಬ್ಯಾರೆ ಥರ ತೋರಸ್ತಾರಜ್ಜ" ಎಂದು ಕಾವ್ಯಾ ರಾಗ ಎಳೆದಳು.

"ಟೀವಿಯಾನವ್ರು ಎಷ್ಟು ಮನಿ ಕಟ್ಯಾರ?"

ಸರಿಯಾಗಿ ಹೇಳುತ್ತಿದ್ದವಳ ಬಾಯಿ ಮುಚ್ಚಿಸಿದೆ ಎಂದು ನನಗೆ ಆಗ ಗೊತ್ತಾಗಲಿಲ್ಲ. ಮನೆ ಕಟ್ಟಿಸುವ ಮಾಲೀಕರು ಏನಾದರೂ ಕೇಳಿದರೆ ಹೀಗೆಯೇ ಬಾಯಿ ಮುಚ್ಚಿಸಿ ರೂಢಿ.

ಕೆಲಸ ಶುರುವಾಯಿತು. ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಡಬ್ಬಿ ತಂದೆ. ಗಂಗಮ್ಮ ಮೈದಾಹಿಟ್ಟಿನ ಅಂಟು ಕಾಸಿಕೊಟ್ಟಳು. ಚಿತ್ರದಲ್ಲಿದ್ದ ಇಳಿಜಾರು ಮಾಳಿಗೆಯನ್ನು ನಾನು ನೋಡಿದ ಕೂಡಲೇ ರದ್ದು ಮಾಡಿದೆ, "ಇದ್ರ ಮ್ಯಾಲೆ ಹಪ್ಪಳ ಎಲ್ಲಿ ಒಣಗಸ್ತಾರ?" ಎಂದು. ಚಪ್ಪಟೆ ಮಾಳಿಗೆ, ಅಗರಬತ್ತಿ ಕಡ್ಡಿಯ ಜಂತಿ, ಹೊಗೆ ಕೊಳವೆ ಇದ್ದ ಕಡೆ ಬೆಳಕಿಂಡಿ. ಅಟ್ಟದಿಂದ ನನ್ನ ರಸಮಟ್ಟ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ಇಳಿಸಿದೆ. ಗೇಣುದ್ದದ ರಟ್ಟಿನ ಗೋಡೆಗೆ ಕಬ್ಬಿಣದ ಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರೆ ಗುಂಡೇ ಗೋಡೆಗಿಂತ ದಪ್ಪ. ಕಾವ್ಯಾಳ ಕೈಗೆ ಗುಂಡಿನ ದಾರ ಕೊಟ್ಟು, "ಅಲ್ಲಾಡಬ್ಯಾಡ" ಎಂದೆ. ಅವಳು ಏನಾದರೂ ಅಂಟಿಸಲು ಬಂದರೆ, "ನಿಲ್ಲವ್ವ, ಸೊಟ್ಟ ಆಗ್ತೈತಿ" ಎಂದೆ. ಮೂರು ದಿನ ಆ ಮಗು ದಾರ ಹಿಡಿದೇ ನಿಂತಿತ್ತು. ನಾನಂತೂ ಆನಂದದಲ್ಲಿ ತೇಲುತ್ತಿದ್ದೆ, ಮೊಮ್ಮಗಳೊಂದಿಗೆ ಕೂಡಿ ಮನೆ ಕಟ್ಟುತ್ತಿದ್ದೇನೆಂದು.

ಬಾಗಿಲು ಯಾವ ಕಡೆ ಇಡುವುದು ಎಂಬಲ್ಲಿ ಕೆಲಸ ಅರ್ಧ ದಿನ ನಿಂತಿತು. ಪೂರ್ವಕ್ಕೆ ಇಡಬೇಕು. ಆದರೆ ಪೂರ್ವ ಶಾಲೆಯ ಟೇಬಲ್ಲಿನ ಯಾವ ಮಗ್ಗುಲಿಗಿದೆ? ಕಾವ್ಯಾಳ ಅಮ್ಮ, ನನ್ನ ಸೊಸೆ ಶೋಭಾಳನ್ನು ಕರೆದು, ಮಿಸ್ಸಿಗೆ ಫೋನಿನಲ್ಲಿ ಬರೆದು ಕೇಳವ್ವ ಎಂದೆ. ಅವಳು ಆಗಷ್ಟೇ ಆಫೀಸಿನಿಂದ ಬಂದಿದ್ದಳು. "ಮಾವಾರ, ಅದನ್ನ ಕೇಳಿದ್ರ ಮಿಸ್ಸು ನಮ್ಮ ಮನಿತನದ ಬಗ್ಗೆ ಏನ್ ತಿಳ್ಕೊಂತಾರ?" ಎಂದು ಕೈಮುಗಿದು ಒಳಗೆ ಹೋದಳು. ಕೊನೆಗೆ ನಾಲ್ಕೂ ಕಡೆ ಬಾಗಿಲಿಟ್ಟೆ. ಯಾವುದಾದರೊಂದು ಪೂರ್ವಕ್ಕೆ ಬೀಳಲೇಬೇಕು.

ಕೊನೆಗೆ ಉಳಿದದ್ದು ಸ್ನೋ. ಕಾವ್ಯಾಳನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಕೆರೆಯಂಚಿಗೆ ಹೋದೆ. ಅಲ್ಲಿ ಹಳೆಯ ಪರಿಚಯದ ಕುರಿಗಾರ ಈರಣ್ಣ ಸಿಕ್ಕ. ನಾನು ಚೀಲಕ್ಕೆ ಮಣ್ಣು ತುಂಬುವುದನ್ನು ಕಂಡು, "ಏನ್ರಿ ಗೌಂಡ್ರ, ಇನ್ನೂ ಯಾರರ ಮಾಳಿಗಿಗೆ ಚೌಳು ಹಾಕಸ್ತಾರೇನು?" ಎಂದ.

"ನಮ್ಮ ಮೊಮ್ಮಗಳ ಮನಿಗಪ."

"ಹೌದಾ! ಎಷ್ಟು ಅಂಕಣದ್ದು?"

"ಒಂದು ಗೇಣಿಂದು."

ಈರಣ್ಣ ನನ್ನನ್ನು ನೋಡಿದ, ಮೇಲೆ ಸೂರ್ಯನನ್ನು ನೋಡಿದ. "ಬಿಸಲಾಗ ಭಾಳ ಅಡ್ಡಾಡಬ್ಯಾಡ್ರಿ" ಎಂದು ಕುರಿ ಹೊಡೆದುಕೊಂಡು ಹೋದ.

ಶಾಲೆ ಶುರುವಾದ ದಿನ ಮನೆಯನ್ನು ನಾನೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದೆ. ಒಂದು ಕೈಯಲ್ಲಿ ಏಳುತ್ತಿರಲಿಲ್ಲ. ಕ್ಲಾಸಿನಲ್ಲಿ ಆಗಲೇ ಮೂವತ್ತು ಮನೆಗಳು ಬಂದು ಕೂತಿದ್ದವು. ಮೂವತ್ತಕ್ಕೂ ಕೆಂಪು ಮಾಳಿಗೆ, ಮೂವತ್ತಕ್ಕೂ ಮಿಂಚಿನ ಪುಡಿ, ಮೂವತ್ತರ ಮೇಲೂ ಅದೇ ಅಳತೆಯ ಹತ್ತಿ. ಒಂದೇ ಫ್ಯಾನ್ಸಿ ಸ್ಟೋರಿನಿಂದ ಬಂದವು. ಒಂದರ ತಳದಲ್ಲಿ ಅಂಗಡಿಯ ಸ್ಟಿಕ್ಕರ್ ಹಾಗೆಯೇ ಇತ್ತು. ಅದನ್ನು ತಂದಿದ್ದ ಹುಡುಗ ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ ತಾನೇ ಮಾಡಿದ್ದೆಂದು ಹೇಳಿದ, ಮಿಸ್ಸು ಇಂಗ್ಲಿಷಿನಲ್ಲಿ ಮೆಚ್ಚಿಕೊಂಡರು. ಅವನ ಅಪ್ಪ ಬಾಗಿಲಲ್ಲಿ ನಿಂತು ಹೆಮ್ಮೆಪಟ್ಟ. ಆ ಅಂಗಡಿಯವನು ಅಲ್ಲಿದ್ದಿದ್ದರೆ ಮೂವತ್ತು ಸಲ ಹೆಮ್ಮೆಪಡುತ್ತಿದ್ದ.

ಅಷ್ಟರಲ್ಲಿ ಯಾರೋ ಫ್ಯಾನ್ ಹಾಕಿದರು. ಹತ್ತಿ ಹಾರಿತು, ನಾಲ್ಕು ಮನೆಗಳು ಮಗುಚಿದವು, ಎರಡು ನೆಲಕ್ಕೆ ಬಿದ್ದವು. ನಮ್ಮದು ಕದಲಲಿಲ್ಲ. ನಾನು ಮೀಸೆಯ ಮೇಲೆ ಕೈ ಇಟ್ಟೆ. ಮಿಸ್ಸು ಫ್ಯಾನ್ ಆರಿಸಿದರು, ಅಷ್ಟೇ. ನಮ್ಮ ಮನೆಯನ್ನು ಒಂದು ಕೈಯಲ್ಲಿ ಎತ್ತಲು ನೋಡಿದರು. ಅದು ಏಳಲಿಲ್ಲ, ಮಣ್ಣು ಮಾತ್ರ ಅವರ ಸೀರೆಯ ಮೇಲೆ ಉದುರಿತು.

"ಇದೇನಿದು ಕಾವ್ಯಾ?"

"ಸ್ನೋ, ಮಿಸ್."

"ಇದು ಮಣ್ಣಲ್ವಾ?"

ಹುಡುಗಿ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಒಂದು ಹೆಜ್ಜೆ ಮುಂದೆ ಬಂದು, "ಚೌಳು ಮಣ್ಣು ಮೇಡಂ. ಎಂಥಾ ಮಳಿ ಬಂದ್ರೂ ಸೋರಂಗಿಲ್ರಿ" ಎಂದೆ. ಇಡೀ ಕ್ಲಾಸು ನಕ್ಕಿತು. ಕಾವ್ಯಾಳ ಕಿವಿ ಕೆಂಪಾದವು.

ಮಿಸ್ಸು ಒಳ್ಳೆಯವರು, ನಗು ತಡೆದುಕೊಂಡು ಕೇಳಿದರು: "ಇದರಲ್ಲಿ ನೀನು ಮಾಡಿದ್ದೇನಮ್ಮ?"

"ಗ್ವಾಡಿ ಅಜ್ಜ ಮಾಡ್ಯಾನ್ರಿ. ಮಾಳಿಗಿ ಅಜ್ಜ. ಬಾಗಲಾನೂ ಅಜ್ಜ." ಸ್ವಲ್ಪ ಯೋಚಿಸಿ, "ನಾನು ದಾರ ಹಿಡಕೊಂಡಿದ್ದೆ ಮಿಸ್" ಎಂದಳು.

ಮೂವತ್ತು ಸುಳ್ಳುಗಳ ನಡುವೆ ಒಂದು ನಿಜ ಹೇಳಿದ್ದಕ್ಕೆ ನಮ್ಮ ಹುಡುಗಿಗೆ ಸಿಕ್ಕಿದ್ದು ಇದು: ಸೋಮವಾರದೊಳಗೆ ತಾನೇ ಒಂದು ಮನೆ ಮಾಡಿ ತರಬೇಕು, ಇಲ್ಲದಿದ್ದರೆ ಟೇಬಲ್ಲಿನ ಮೇಲೆ ಜಾಗವಿಲ್ಲ. ಅಂಗಡಿಯ ಮನೆಗಳು ಜಾಗದಲ್ಲೇ ಕೂತಿದ್ದವು, ಅವುಗಳಿಗೆ ಅಜ್ಜನಿರಲಿಲ್ಲ.

ಅವತ್ತು ಸಂಜೆ ಹೊಸ್ತಿಲು ದಾಟುವಾಗ ಕಾವ್ಯಾ ತಿರುಗಿ, "ಐಸ್ ಅಂತ ನಾ ಹೇಳಿದ್ದಿಲ್ಲೇನಜ್ಜ?" ಎಂದಳು. ಶೋಭಾ ತನ್ನ ಫೋನಿನಲ್ಲಿ ಸ್ನೋ ಬೀಳುವುದನ್ನು ತೋರಿಸಿದಳು. ಹೂವಿನ ಹಾಗೆ ಬೀಳುತ್ತದೆ, ಮಳೆಗಿರುವ ಸದ್ದು ಅದಕ್ಕಿಲ್ಲ, ಬಿದ್ದದ್ದು ಬಿದ್ದಲ್ಲೇ ಮೊಳದೆತ್ತರ ಕೂರುತ್ತದೆ. ಮಾಳಿಗೆ ಇಳಿಜಾರು ಇದ್ದದ್ದಕ್ಕೆ ಅದು ಜಾರಿ ಕೆಳಗೆ ಬೀಳುತ್ತಿತ್ತು. ಆ ಇಳಿಜಾರನ್ನೇ ನಾನು ಹಪ್ಪಳದ ನೆಪ ಹೇಳಿ ರದ್ದು ಮಾಡಿದವನು. "ಚಪ್ಪಟಿ ಇದ್ದಿದ್ರ ತೊಲಿ ತಡೀತಿದ್ದಿಲ್ಲ" ಎಂದೆ ಮೆಲ್ಲಗೆ.

"ಈಗ ಗೊತ್ತಾತು ಗೌಂಡ್ರಿಗೆ" ಎಂದಳು ಗಂಗಮ್ಮ.

ಮರುದಿನ ಎರಡನೆಯ ಮನೆ. ಮಾಲೀಕಳೂ ಅವಳೇ, ಗೌಂಡಿಯೂ ಅವಳೇ. ನಾನು ರಟ್ಟು ಹಿಡಿಯಲು ಕೈ ಚಾಚಿದರೆ, "ಮುಟ್ಟಬ್ಯಾಡ!" ಎಂದು ಗದರಿದಳು. ಗೋಡೆ ಸೊಟ್ಟ, ಕಿಟಕಿ ಬಾಗಿಲಿಗಿಂತ ದೊಡ್ಡದು, ಮಾಳಿಗೆ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ. ಸ್ನೋಗೆಂದು ಗಂಗಮ್ಮನ ದೇವರ ಬತ್ತಿಯ ಹತ್ತಿಯೆಲ್ಲ ಹೋಯಿತು. ನಾನು ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ. ಬಾಯಿಗೆ ಅಂಥ ಜಾಗ ಇಲ್ಲವಲ್ಲ. "ಆ ಮೂಲಿ ಸ್ವಲ್ಪ..." ಎಂದೆ.

"ಅಜ್ಜ, ನೀ ಸುಮ್ನ ಅಂಟು ಕಲಸ್ಕೊಂಡು ಬಾ."

ನಲವತ್ತು ವರ್ಷದಲ್ಲಿ ಎಷ್ಟು ಕೂಲಿಯವರಿಗೆ ನಾನು ಹೀಗೆಯೇ ಹೇಳಿದ್ದೇನೋ, ನೆನಪಿಲ್ಲ. ಅವರಿಗೆ ನೆನಪಿರುತ್ತದೆ. ಒಲೆಯ ಹತ್ತಿರ ಹೋದರೆ ಗಂಗಮ್ಮ ಎದ್ದು ಜಾಗ ಬಿಟ್ಟಳು, "ನೀವ ಕಾಸ್ರಿ, ನನಗ ಕೆಲಸೈತಿ" ಎಂದು. ಕಾಸಿ ತಂದೆ. ಕಾವ್ಯಾ ಬೆರಳದ್ದಿ ನೋಡಿ, "ಗಂಟು ಅದಾವು, ಇನ್ನೊಮ್ಮಿ ಮಾಡು" ಎಂದಳು. ಮತ್ತೆ ಹೋದೆ. ಮೂರನೆಯ ಸಲಕ್ಕೆ ಪಾಸಾಯಿತು. ಆ ಖುಷಿಯನ್ನು ಎದುರುಮನೆಯವರಿಗೂ ಹೇಳಿ ಬಂದೆ.

ಸಭೆಯ ದಿನ ಅವಳ ಮನೆ ಮುಂದಿನ ಟೇಬಲ್ಲಿನ ಮೇಲೆಯೇ ಇತ್ತು, ಎಡಕ್ಕೆ ವಾಲಿಕೊಂಡು. ನಾನು ಹೊಸ ಪಂಚೆ ಉಟ್ಟು ಅದರ ಪಕ್ಕಕ್ಕೆ ನಿಂತಿದ್ದೆ, ಯಾರಾದರೂ ಕೇಳಲಿ ಎಂದೇ. ಕೋಟು ಹಾಕಿದ ಹಿರಿಯರೊಬ್ಬರು ಬಂದು ಬಗ್ಗಿ ನೋಡಿದರು. "ಯಾರು ಮಾಡಿದ್ದಮ್ಮ ಇದನ್ನ?"

"ನಾನ ಮಾಡೀನ್ರಿ, ಒಬ್ಬಾಕೀನ."

"ಭೇಷ್. ಇವರು ಯಾರು?"

ಕಾವ್ಯಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮನಸ್ಸಿನಲ್ಲಿ ಏನೋ ತೂಗಿ ಹೇಳಿದಳು: "ನಮ್ಮಜ್ಜ ರೀ. ಅಂಟು ಕಲಸೋರು."

ಅವರು ನನ್ನ ಕಡೆ ತಿರುಗಿದರು. ನಾನು ಎರಡೂ ಕೈ ಜೋಡಿಸಿ, "ಈಗ ಗಂಟಿಲ್ದಂಗ ಕಲಸ್ತೀನ್ರಿ" ಎಂದೆ.