ಸೇವಂತಿಗೆ ಮುಡಿದ ಪೆಟ್ಟಿಗೆ

ವಿಜಯದಶಮಿಯ ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನನ್ನ ಗ್ರಹಚಾರ ಶುರುವಾಯಿತು. ಜಾತಕ ನೋಡಿ ಹೇಳುತ್ತಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ನನ್ನ ಕಂಪ್ಯೂಟರಿನ ಪರದೆಯ ಮೇಲೆ, ನನ್ನ ಹೆಂಡತಿಯ ರಕ್ತಪರೀಕ್ಷೆಯ ರಿಪೋರ್ಟು ಕುಣಿಗಲ್ಲಿಗೆ ತಲುಪಿದೆ ಎಂದು ಹಸಿರು ಅಕ್ಷರ ಮೂಡಿದ್ದು ಆ ಹೊತ್ತಿಗೆ. ತಲುಪಿತ್ತು ಕೂಡ. ಯಂತ್ರ ಸುಳ್ಳು ಹೇಳಿದ್ದರೆ ಇಷ್ಟು ವರ್ಷ ಅದನ್ನಾದರೂ ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದೆ.

ನಾನು ಬಿ.ಎಸ್ಸಿ. ಮುಗಿಸಿ, ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಬಂದು ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಮಾಲೀಕರು ಗಂಡ ಹೆಂಡತಿ, ಇಬ್ಬರೂ ಡಾಕ್ಟರು. ಡಾಕ್ಟರು ಸಾಹೇಬರು ತುಮಕೂರಿನಲ್ಲಿ, ಮೇಡಂ ಕುಣಿಗಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲಿ ಲ್ಯಾಬಿಲ್ಲ, ರಕ್ತಪರೀಕ್ಷೆಗೆಲ್ಲ ತುಮಕೂರಿಗೇ ಕಳಿಸಬೇಕು. ಎರಡೂ ಕಡೆ ಕಂಪ್ಯೂಟರು ಕೂರಿಸಿದವನು ನಾನೇ, ಅದೂ ಒಂದೇ ನೋಟ್‌ಬುಕ್ ನೋಡಿಕೊಂಡು. ಹಾಗಾಗಿ ಇಲ್ಲಿನ ಲ್ಯಾಬಿನ ಕಂಪ್ಯೂಟರ್ ಪೆಟ್ಟಿಗೆಗೆ ಯಾವ ನಂಬರಿನ ವಿಳಾಸವೋ ಅಲ್ಲಿನ ಹೆರಿಗೆ ವಾರ್ಡಿನ ಪೆಟ್ಟಿಗೆಗೂ ಅದೇ ವಿಳಾಸ. ಎರಡೂ ಬೇರೆ ಬೇರೆ ಇರುವಷ್ಟು ದಿನ ಯಾರಿಗೂ ತೊಂದರೆಯಿರಲಿಲ್ಲ. ಎರಡೂ ಆಸ್ಪತ್ರೆಗಳ ನಡುವೆ ಲೈನ್ ಎಳೆಸಿದ ಮೇಲೆ ಫಜೀತಿ ಶುರುವಾಯಿತು.

ಇದಕ್ಕೆ ಪರಿಹಾರ ನಮ್ಮ ಮನೆಯಲ್ಲೇ ಇತ್ತು. ನನ್ನ ತಂಗಿಯ ಹೆಸರು ಸಾವಿತ್ರಿ. ಮದುವೆಯಾಗಿ ಬಂದ ನನ್ನ ಹೆಂಡತಿಯೂ ಸಾವಿತ್ರಿ. ಕರೆದರೆ ಇಬ್ಬರೂ ಬರುತ್ತಿದ್ದರು, ಅಥವಾ ಇಬ್ಬರೂ ಬರುತ್ತಿರಲಿಲ್ಲ. ನಮ್ಮಮ್ಮ ಮೂರನೇ ದಿನಕ್ಕೇ ಸೊಸೆಗೆ ಗೌರಿ ಎಂದು ಹೆಸರಿಟ್ಟರು. ಹುಲಿಯೂರುದುರ್ಗದ ತವರಿನಲ್ಲಿ ಅವಳು ಸಾವಿತ್ರಿ, ಗುಬ್ಬಿಯಲ್ಲಿ ಗೌರಿ. ನಾನೂ ಎರಡು ಆಸ್ಪತ್ರೆಗಳ ನಡುವಿನ ರೂಟರಿನಲ್ಲಿ ಹಾಗೇ ಮಾಡಿದೆ. ಕುಣಿಗಲ್ಲಿನ ಒಂದೊಂದು ಪೆಟ್ಟಿಗೆಗೂ ತುಮಕೂರಿನವರು ಕರೆಯಲಿಕ್ಕೆಂದು ಇನ್ನೊಂದು ಖಾಯಂ ವಿಳಾಸ ಕೊಟ್ಟೆ. ಇಲ್ಲಿಂದ ಆ ಹೆಸರಿಗೆ ಕಳಿಸಿದರೆ ರೂಟರು ಅಲ್ಲಿನ ನಿಜವಾದ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಸ್ಟ್ಯಾಟಿಕ್ ನ್ಯಾಟ್ ಎಂದು ಇದರ ಹೆಸರು. ಅದು ಕೆಲಸ ಮಾಡಿದ ದಿನ ನಾನು ಮನೆಗೆ ಮೈಸೂರು ಪಾಕ್ ತಂದಿದ್ದೆ. ಅಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡು, “ಹೆಸ್ರಿಡಕ್ಕೂ ಸಂಬ್ಳ ಕೊಡ್ತಾರೇನ್ಲಾ?” ಎಂದು ಕೇಳಿದರು.

ಆ ಹೆಮ್ಮೆಯಲ್ಲೇ ಡಾಕ್ಟರರಿಗೆ ಇನ್ನೊಂದು ಬುದ್ಧಿ ಹೇಳಿದ್ದೆ. ರಿಪೋರ್ಟುಗಳನ್ನು ಫೋನಿನಲ್ಲಿ ಓದಿ ಹೇಳುವುದು ಅಪಾಯ, ಅಂಕಿ ಹೆಚ್ಚುಕಡಿಮೆ ಕೇಳಿಸುತ್ತದೆ, ಇನ್ನು ಮುಂದೆ ಎಲ್ಲ ಲೈನಿನಲ್ಲೇ ಹೋಗಲಿ ಎಂದು. ಅವರು ಒಪ್ಪಿದರು. ಇದನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನನಗಂತೂ ಮರೆಯಲು ಆಗಿಲ್ಲ.

ಮೊದಲ ಹೆರಿಗೆಯಾದ್ದರಿಂದ ಹೆಂಡತಿ ತವರಿಗೆ ಹೋಗಿದ್ದಳು. ಕಾಲು ಊದಿ, ಬಿ.ಪಿ. ಏರಿ, ದಿನ ತುಂಬುವ ಮೊದಲೇ ಕುಣಿಗಲ್ ಆಸ್ಪತ್ರೆಗೆ ಸೇರಿಸಬೇಕಾಯಿತು. ಜೊತೆಗೆ ನಮ್ಮತ್ತೆ ಕೆಂಪಮ್ಮ. ಆಯುಧಪೂಜೆಗೆ ನಾನೂ ಅಲ್ಲಿಗೇ ಹೋದೆ. ಆಸ್ಪತ್ರೆಯ ಪೆಟ್ಟಿಗೆಗಳನ್ನೆಲ್ಲ ಕಳಚಿ ಹಾಲಿನಲ್ಲಿ ಸಾಲಾಗಿಟ್ಟು, ಧೂಳು ಒರೆಸಿ, ಕುಂಕುಮ ಹಚ್ಚಿ, ಹೂವು ಇಟ್ಟೆವು. ಅತ್ತೆ ಬಂದು, “ನಮ್ ಹುಡ್ಗಿ ವಾರ್ಡಿಂದು ಯಾವುದಪ್ಪಾ?” ಎಂದು ಕೇಳಿ, ಅದಕ್ಕೆ ಮಾತ್ರ ಸೇವಂತಿಗೆಯ ಮಾಲೆ ಹಾಕಿ ಕೈ ಮುಗಿದರು. ಮಿಕ್ಕವಕ್ಕೆ ಚೆಂಡು ಹೂವು. ಬೂದುಗುಂಬಳ ಒಡೆದಾದ ಮೇಲೆ ಕಡ್ಲೆಪುರಿ ಮೆಲ್ಲುತ್ತ ನಾನೇ ಅವುಗಳನ್ನು ಹೊತ್ತು ಅಲ್ಲಲ್ಲಿ ಕೂರಿಸಿದೆ. ಎಲ್ಲವೂ ಒಂದೇ ಕಂಪನಿಯ, ಒಂದೇ ಬಣ್ಣದ ಪೆಟ್ಟಿಗೆಗಳು. ರಜೆ ಮುಗಿದು, ವಿಜಯದಶಮಿಯ ಮರುದಿನ ಬೆಳಿಗ್ಗೆ ತುಮಕೂರಿನಿಂದ ಒಂದೊಂದನ್ನೂ ಕರೆದು ನೋಡಿದೆ. ಎಲ್ಲವೂ ಓಗೊಟ್ಟವು. ಇದೀಯಾ ಎಂದು ಕೇಳಿದೆ, ಇದೀನಿ ಎಂದವು. ಎಲ್ಲಿದೀಯಾ ಎಂದು ನಾನು ಕೇಳಲಿಲ್ಲ.

ಹನ್ನೊಂದು ನಲವತ್ತಕ್ಕೆ ಮೇಡಂ ಫೋನು ಬಂತು.

“ಸತೀಶ್, ನಿಮ್ಮ ಮಿಸೆಸ್ ರಿಪೋರ್ಟ್ ಎಲ್ಲಪ್ಪಾ?”

“ಬಂದಿದೆಯಲ್ಲ ಮೇಡಂ.”

“ಬಂದಿಲ್ಲ.”

“ಬಂದಿರುತ್ತೆ ಮೇಡಂ, ಪ್ರಿಂಟರಲ್ಲಿ ಪೇಪರ್ ಇದೆಯಾ ನೋಡಿ.”

“ಪೇಪರ್ ಇದೆ, ಅದರ ಮೇಲೆ ಏನೂ ಇಲ್ಲ. ಬಿ.ಪಿ. ಇಳೀತಾ ಇಲ್ಲ ಕಣಪ್ಪಾ, ನಾನು ಕಾಯೋ ಹಂಗಿಲ್ಲ. ಹದಿನೈದು ನಿಮಿಷ ನೋಡ್ತೀನಿ, ಆಮೇಲೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡ್ತೀನಿ.”

ನಾನು ಲೈನು ಪರೀಕ್ಷಿಸಿದೆ, ಸರಿಯಿತ್ತು. ರೂಟರ್ ನೋಡಿದೆ, ಸರಿಯಿತ್ತು. ಫೋನು ಮಾಡಿ, “ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಮೇಡಂ” ಎಂದೆ. ಮತ್ತೆ ನೋಡಿದೆ, ಮತ್ತೆ ಅದನ್ನೇ ಹೇಳಿದೆ. ಲ್ಯಾಬು ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ. ಎದ್ದು ಹೋಗಿ ಆ ಕಾಗದವನ್ನು ಓದಿಸಿ ಫೋನಿನಲ್ಲಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಫೋನಿನಲ್ಲಿ ಓದಬಾರದು ಎಂಬ ಕಾನೂನು ಮಾಡಿದ ಮಹಾಶಯ ನಾನೇ ಅಲ್ಲವೆ? ಆ ಹತ್ತು ಹೆಜ್ಜೆಗಳನ್ನು ನಾನು ಇವತ್ತಿಗೂ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಊಟಕ್ಕೆ ಕೂತಾಗ ನಡೆಯುತ್ತಿರುತ್ತೇನೆ. ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ತಲುಪುತ್ತೇನೆ.

ಮೂರನೇ ಸಲ ಫೋನು ಮಾಡಿದಾಗ ಎತ್ತಿದವರು ಅತ್ತೆ. ನರ್ಸ್ ಒಳಗೆ ಇಂಜೆಕ್ಷನ್ ಸಿದ್ಧಮಾಡಲು ಹೋಗಿದ್ದಳು.

“ಅಳಿಯಂದ್ರೇ, ನಿಮ್ ಕಾಗ್ದ ಬತ್ತದೋ ಇಲ್ವೋ? ಅಂಗೇ ಒಂದ್ ಮಾತು. ವಾರ್ಡಲ್ಲಿ ಇಟ್ಟಿರೋದು ನಮ್ ಪೆಟ್ಗೆ ಅಲ್ಲ ಕಣಪ್ಪಾ. ಇದ್ಕೆ ಚೆಂಡೂವ ಐತೆ.”

“ಅತ್ತೆ, ಈಗ ಹೂವಿನ ವಿಷಯ ಬೇಡ.”

“ಬ್ಯಾಡ ಅಂದ್ರೆ ಬುಡಿ. ನಾನ್ ಸೇವಂತ್ಗೆ ಹಾಕಿದ್ ಪೆಟ್ಗೆ ಸ್ಟೋರ್‌ನಲ್ಲಿ ಕುಂತೈತೆ. ಬೆಳಗ್ಗಿಂದ ಅದರ ಪಕ್ಕದ ಮಿಸ್ನು ಕರ್ರ್ ಅಂತ ಕಾಗ್ದ ಉಗೀತಾ ಐತೆ.”

ಆಗ ಹೊಳೆಯಿತು. ವಿಳಾಸ ಇರುವುದು ಪೆಟ್ಟಿಗೆಯೊಳಗೆ, ಕೋಣೆಯಲ್ಲಲ್ಲ. ಕಡ್ಲೆಪುರಿ ತಿನ್ನುತ್ತ ನಾನು ಪೆಟ್ಟಿಗೆಗಳನ್ನು ಅದಲುಬದಲು ಇಟ್ಟಿದ್ದೆ. ರೂಟರು ಮಾತ್ರ ನಾನು ಹೇಳಿದಷ್ಟನ್ನೇ ನಿಯತ್ತಾಗಿ ಮಾಡಿತ್ತು.

“ಅತ್ತೆ, ಆ ಕಾಗದ ತಗೊಂಡು ಮೇಡಂ ಹತ್ರ ಓಡಿ! ಇಂಜೆಕ್ಷನ್ ಕೊಡಬೇಡಿ ಅನ್ನಿ!”

ಆಮೇಲಿನದನ್ನು ನಾನು ಫೋನಿನಲ್ಲೇ ಕೇಳಿದ್ದು, ಸ್ಟೋರು ವಾರ್ಡಿನ ಎದುರಿಗೇ ಇತ್ತು. ಸ್ಟೋರ್‌ ಕೀಪರ್ ಶಿವಣ್ಣ ಬಹಳ ಶಿಸ್ತಿನ ಮನುಷ್ಯ. ಅವನ ಮಷೀನಿನಿಂದ ಬಂದ ಕಾಗದ ಏನೇ ಆಗಿರಲಿ, ತೂತು ಹೊಡೆದು ದಾರ ಪೋಣಿಸಿ ಫೈಲಿಗೆ ಸೇರಿಸಿಬಿಡುತ್ತಿದ್ದ. “ಸೈನ್ ಇಲ್ದೆ ಫೈಲ್ ಕೊಡಂಗಿಲ್ಲಮ್ಮಾ” ಎಂದ ಅವನ ದನಿ ಕೇಳಿಸಿತು. “ನಿನ್ ಸೈನಿಗಿಷ್ಟು! ನನ್ ಮಗ್ಳು ಅಲ್ ಮಲಗವ್ಳೆ, ಬುಡೋ ಅತ್ಲಾಗೆ!” ಎಂದ ಅತ್ತೆಯ ದನಿಯೂ ಕೇಳಿಸಿತು. ಆಮೇಲೆ ಹತ್ತಿ, ಬ್ಯಾಂಡೇಜು, ಫಿನಾಯಿಲುಗಳ ಲೆಕ್ಕವಿದ್ದ ಇಡೀ ಫೈಲು ಅತ್ತೆಯ ಕಂಕುಳಲ್ಲಿ ಆಪರೇಷನ್ ಕೋಣೆಗೆ ಓಡಿತು.

ಹೆಂಡತಿಯ ರಕ್ತದಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದುಹೋಗಿತ್ತು. ಬೆನ್ನಿಗೆ ಸೂಜಿ ಚುಚ್ಚಿದ್ದರೆ ಒಳಗೇ ರಕ್ತ ಸೋರಿ, ಕಾಲು ಸ್ವಾಧೀನ ತಪ್ಪಬಹುದಿತ್ತು ಎಂದು ಮೇಡಂ ಆಮೇಲೆ ಹೇಳಿದರು. ಇನ್ನೂ ಒಂದಷ್ಟು ಹೇಳಿದರು. ಅದನ್ನು ಬರೆಯಲು ಕೈ ಬರುತ್ತಿಲ್ಲ. ಸಿರಿಂಜು ಅವರ ಕೈಯಲ್ಲಿತ್ತಂತೆ. ಅದನ್ನು ಕೆಳಗಿಟ್ಟು ಆಂಬುಲೆನ್ಸ್ ಕರೆಸಿದರು. ತುಮಕೂರಿನಲ್ಲಿ ರಕ್ತ ತರಿಸಿಟ್ಟುಕೊಂಡು ಕಾದೆವು. ಬೆನ್ನಿಗೆ ಚುಚ್ಚದೆ, ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದರು. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಗಳು ಹುಟ್ಟಿದಳು.

ಎರಡು ದಿನ ಕಳೆದು ಮಾತಾಡುವಷ್ಟು ಚೇತರಿಸಿಕೊಂಡ ಹೆಂಡತಿ ನನ್ನ ಕೈ ಹಿಡಿದು, “ಅವತ್ತು ಮೇಡಂ ಫೋನಲ್ಲಿ ನಿಮ್ಮ ದನಿ ನನಗೂ ಕೇಳಿಸ್ತಿತ್ತು ಕಣ್ರೀ” ಎಂದಳು. ನನಗೆ ಕಣ್ಣು ತುಂಬಿತು. “ಏನು ಕೇಳಿಸ್ತು?” ಎಂದೆ.

“ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಅಂತ.”

ಬೈದಿದ್ದರೆ ಚೆನ್ನಾಗಿತ್ತು. ಅವಳು ನಕ್ಕಳು, ನಗುವಾಗ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡಳು, ನನ್ನ ಕೈ ಮಾತ್ರ ಬಿಡಲಿಲ್ಲ.

ಬಾಣಂತನಕ್ಕೆ ಹುಲಿಯೂರುದುರ್ಗಕ್ಕೆ ಹೋದಾಗ ನಾನೂ ರಜೆ ಹಾಕಿ ಜೊತೆಗೇ ಹೋದೆ. ಮಗು ಒಂದು ರಾತ್ರಿಯೂ ನೆಟ್ಟಗೆ ಮಲಗುತ್ತಿರಲಿಲ್ಲ. ಗಂಟೆಗೊಮ್ಮೆ ಬೆಚ್ಚಿ ಅಳುತ್ತಿತ್ತು, ತಾಯಿ ಎದ್ದು ಕೂರುತ್ತಿದ್ದಳು. ಬಜೆ ತೇದು ನೆಕ್ಕಿಸಿದರು, ದೃಷ್ಟಿ ತೆಗೆದರು, ತೊಟ್ಟಿಲಿನ ದಿಕ್ಕು ಬದಲಿಸಿದರು. ಯಾವುದೂ ನಾಟಲಿಲ್ಲ. ಕೊನೆಗೆ ರಜೆ ಮುಗಿದು ಒಂದು ಸೋಮವಾರ ನಾನು ಗುಬ್ಬಿಗೆ ಬಂದೆ. ಮಂಗಳವಾರ ಬೆಳಿಗ್ಗೆ ಎದ್ದವನೇ ಗಾಬರಿಯಲ್ಲಿ ಫೋನು ಮಾಡಿದೆ. ಅತ್ತೆ ಎತ್ತಿದರು.

“ಮಗು ಹೇಗಿದೆ ಅತ್ತೆ? ರಾತ್ರಿ ಎಷ್ಟು ಸಲ ಎದ್ದಿತು?”

“ಒಂದ್ಸಲವೂ ಇಲ್ಲ ಕಣಪ್ಪಾ. ತಾಯಿ ಮಗು ಇಬ್ರೂ ರಾತ್ರಿಯಿಂದ ಒಂದೇ ನಿದ್ದೆ. ಇನ್ನೂ ಎದ್ದಿಲ್ಲ.” ಮೆಲ್ಲಗೆ ಸೇರಿಸಿದರು: “ನೀವು ಗಂಟೆಗೊಂದ್ಸಲ ಎದ್ದು, ಉಸಿರಾಡ್ತದಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡ್ತಿದ್ರಲ್ಲ, ನಾನ್ ಹೇಳ್ಬಾರ್ದು ಅಂತ ಸುಮ್ಕಿದ್ದೆ.”