ಎರಡು ಲೀಟರ್ ಹಾಲು

ದೂರದ ಅಣುಸ್ಥಾವರ ಸಿಡಿದು ಹತ್ತು ದಿನವಾಗಿತ್ತು. ಬನಹಟ್ಟಿಯ ಜನ ಮಗ್ಗ ಬಂದ್ ಮಾಡಿ ಮನೆ ಸೇರಿದ್ದರು. ನಡುಹಗಲಿನಲ್ಲೂ ಓಣಿ ಎಷ್ಟು ಸುಮ್ಮನಿತ್ತೆಂದರೆ ನೇಕಾರ ಶಂಕರೆಪ್ಪ ತನ್ನ ಹೆಜ್ಜೆ ಸಪ್ಪಳಕ್ಕೇ ಬೆಚ್ಚುತ್ತಿದ್ದ. ಆದರೆ ಅವನ ಚಿಂತೆ ಬೇರೆ. ಮಗಳು ಶ್ರೀದೇವಿಗೆ ಮೂರು ಸಂಬಂಧ ತಪ್ಪಿದ್ದವು. ಇವತ್ತು ಲೋಕಾಪುರದ ರಾಮಲಿಂಗಪ್ಪನವರು ಮಗನಿಗಾಗಿ ಮಾತು ಮುಗಿಸಲು ಬಂದು ಕೂತಿದ್ದರು, ಮನೆಯಲ್ಲೇ ಮಾಡಿದ ಪೇಢಾ ಡಬ್ಬಿ ಸಮೇತ.

ಅಷ್ಟರಲ್ಲಿ ಬಿಳಿ ಮುಸುಕಿನ ಡಾಕ್ಟರಮ್ಮ ಒಳಗೆ ಬಂದರು. ಉಂಡದ್ದು ಕುಡಿದದ್ದರಿಂದ ಜನರ ಮೈಯೊಳಗೆ ಎಷ್ಟು ವಿಕಿರಣ ಇಳಿದಿದೆ ಎಂದು ಮನೆಮನೆಯಲ್ಲೂ ಅಂದಾಜು ಹಾಕುತ್ತಿದ್ದರು. ಹೆಚ್ಚಿನ ಭಯ ಹಾಲಿನದೇ.

"ದಿನಾ ಎಷ್ಟು ಹಾಲು ಕುಡೀತೀರಿ?"

ಆ ಮನೆಯಲ್ಲಿ ಹಾಲು ಕಂಡು ತಿಂಗಳಾಗಿತ್ತು. ಎಲ್ಲರಿಗೂ ಕರಿ ಚಹಾ. ಬೀಗರ ಮುಂದೆ ಹಾಗೆನ್ನಲು ಬಾಯಿ ಬರಬೇಕಲ್ಲ!

"ತಲಿಗೆ ಎರಡು ಲೀಟರ್ ರೀ. ಮಸರು, ಮಜ್ಜಿಗಿ ಬ್ಯಾರೆ" ಎಂದ ಶಂಕರೆಪ್ಪ.

ಡಾಕ್ಟರಮ್ಮ ಹೌಹಾರಿದರು. ಲೆಕ್ಕ ಹಾಕಿ ಕೆಂಪು ಚೀಟಿ ಬರೆದುಕೊಟ್ಟರು. "ಈ ಮನೆಯವರು ಯಾರೂ ಹೊಸ್ತಿಲು ದಾಟಬೇಡಿ."

ಕಿಟಕಿಗೆ ಕಿವಿ ಹಚ್ಚಿದ್ದ ನೆರೆಮನೆಯ ಯಂಕವ್ವ ಚೀರಿದಳು: "ಯವ್ವಾ, ಶಂಕರೆಪ್ಪನ ಮೈತುಂಬ ವಿಷ ಐತಂತ!" ಓಣಿಯುದ್ದಕ್ಕೂ ಬಾಗಿಲುಗಳು ದಡಬಡ ಮುಚ್ಚಿದವು. ಆಮೇಲೆ ಎಲ್ಲೂ ಒಂದು ಕೆಮ್ಮೂ ಇಲ್ಲ. ರಾಮಲಿಂಗಪ್ಪ ಚಪ್ಪಲಿ ಹುಡುಕತೊಡಗಿದರು.

ಶಂಕರೆಪ್ಪ ಬಾಗಿಲಿಗೆ ಅಡ್ಡ ನಿಂತ. "ನಿಂದರ್ರಿ ಬೀಗ್ರ! ಸುಳ್ಳ ಹೇಳೇನ್ರಿ. ನಮ್ಮ ಮನ್ಯಾಗ ಎಮ್ಮಿನೂ ಇಲ್ಲ, ಹಾಲೂ ಇಲ್ಲ. ಬರೇ ಕರಿ ಚಾ!"

ಡಾಕ್ಟರಮ್ಮ ಚೀಲದಿಂದ ವಿಕಿರಣ ಅಳೆಯುವ ಯಂತ್ರ ತೆಗೆದು ಅವನ ಕೊರಳಿಗೆ ಹಿಡಿದರು. ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತಷ್ಟೇ. ಹೆಂಡತಿ ಭಾಗವ್ವನದೂ ಮಗಳದೂ ಹಾಗೆಯೇ. ಕೆಂಪು ಚೀಟಿ ಹರಿದುಹಾಕಿದರು.

ರಾಮಲಿಂಗಪ್ಪ ಹೊಟ್ಟೆ ಹಿಡಿದು ನಕ್ಕರು. "ಅಷ್ಟಕ್ಕ ಯಾಕ ನಾಚಿಕಿರೀ? ನಮ್ಮಲ್ಲಿ ಆರು ಎಮ್ಮಿ ಅದಾವು. ನಿಮ್ಮ ಮಗಳು ಹಾಲಾಗ ಕೈ ತೊಳೀಲಿ ತಗೋರಿ!" ಸಂಬಂಧ ಗಟ್ಟಿಯಾಯಿತು. ಡಾಕ್ಟರಮ್ಮ ಅತ್ತ ತಿರುಗಿ ಲೆಕ್ಕ ಬರೆಯುವಷ್ಟರಲ್ಲಿ ರಾಮಲಿಂಗಪ್ಪನವರೇ ಡಬ್ಬಿ ತೆಗೆದು ಶ್ರೀದೇವಿಗೆ, ಭಾಗವ್ವನಿಗೆ, ಕಡೆಗೆ ಶಂಕರೆಪ್ಪನ ಬಾಯಿಗೆ ಪೇಢಾ ಇಟ್ಟರು.

"ನಿಮ್ಮದೂ ನೋಡಿಬಿಡ್ತೀನಿ" ಎಂದು ಡಾಕ್ಟರಮ್ಮ ಯಂತ್ರವನ್ನು ರಾಮಲಿಂಗಪ್ಪನ ಕೊರಳಿಗೆ ತಂದರು.

ಕರಕರ ಸದ್ದು ಶುರುವಾಯಿತು, ನಿಲ್ಲಲಿಲ್ಲ.

"ಸ್ಥಾವರ ಸಿಡಿದ ಮೇಲೆ ನಿಮ್ಮೂರಲ್ಲಿ ಮಳೆ ಬಂತಾ?"

"ಬಂತ್ರಿ... ಎಮ್ಮಿ ಹೊಲದಾಗ ಮೇಯಾಕತ್ತಿದ್ದುವು."

ಯಂತ್ರ ಮೆಲ್ಲಗೆ ಪೇಢಾ ಡಬ್ಬಿಯ ಕಡೆ ಸರಿಯಿತು. ಸದ್ದು ಇನ್ನೂ ಜೋರಾಯಿತು. ಬೆರಳು ನೆಕ್ಕುತ್ತಿದ್ದ ಶ್ರೀದೇವಿ ಹಾಗೇ ನಿಂತಳು.

ಡಾಕ್ಟರಮ್ಮ ಕೆಂಪು ಚೀಟಿಯ ಪುಸ್ತಕ ತೆರೆದರು. "ಇದನ್ನ ಯಾರ್ಯಾರು ತಿಂದಿರಿ?"

ಶಂಕರೆಪ್ಪನ ಪೇಢಾ ಇನ್ನೂ ಬಾಯಲ್ಲೇ ಇತ್ತು. ಬೀಗರು ಇಟ್ಟ ಸಿಹಿ ಉಗುಳಿದರೆ ಸಂಬಂಧ ಮುರಿದಂತೆಯೇ. ರಾಮಲಿಂಗಪ್ಪ ಅವನನ್ನೇ ನೋಡುತ್ತಿದ್ದರು. ಅವನು ಗುಟುಕ್ಕನೆ ನುಂಗಿದ.

"ಯಾರೂ ತಿಂದಿಲ್ರಿ" ಎಂದ.

ಅವನ ಕೊರಳ ಹತ್ತಿರ ಯಂತ್ರ ಕರಕರ ಎನ್ನತೊಡಗಿತು.