ಒತ್ತೆಯ ಕುದುರೆ

ಬೆಳಗ್ಗೆ ಬ್ಯಾಂಕಿನ ಹಿಂಬಾಗಿಲು ತೆರೆದ ಕೂಡಲೇ ಸಾಲ ವಸೂಲಿ ಅಧಿಕಾರಿಯ ಟೈಯನ್ನು ಕುದುರೆ ಕಚ್ಚಿ ಎಳೆಯಿತು. ಸವಾರಿ ಕಲಿಸುವ ಮೇಷ್ಟ್ರಿಗಿದ್ದುದು ಅದೊಂದೇ ಕುದುರೆ. ಅದನ್ನು ಒತ್ತೆಯಿಟ್ಟು ಸಾಲ ಪಡೆದಿದ್ದರು. ಕಂತು ತಪ್ಪಿ ಜಪ್ತಿಯಾದ ಮೇಲೆ ಅದು ಬ್ಯಾಂಕಿನವರು ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತಿತ್ತು. ಅಂದು ಮಧ್ಯಾಹ್ನ ಹರಾಜು.

"ನೀರು ಕುಡಿಸಿದ್ರಾ ಸಾರ್?" ಗೇಟಿನಾಚೆಯಿಂದ ಮೇಷ್ಟ್ರು ಕೇಳಿದರು. "ಮಾರೋವರೆಗೂ ಜೋಪಾನ ಮಾಡೋದು ನಿಮ್ಮ ಹೊಣೆ."

"ಕುಡಿಸಿದೆ ಮೇಷ್ಟ್ರೇ. ಉಳಿದಿದ್ದನ್ನ ನನ್ನ ಮೇಲೇ ಚೆಲ್ತು."

ಮೇಷ್ಟ್ರು ನಗಲಿಲ್ಲ. ಸರಳುಗಳ ನಡುವೆ ಕೈ ಚಾಚಿದರು. ಕುದುರೆ ಬಂದು ಅವರ ಅಂಗೈಗೆ ಮೂತಿ ಒತ್ತಿ ನಿಂತಿತು. ಅಧಿಕಾರಿ ಏನೋ ನೆನಪಾದವನಂತೆ ಒಳಗೆ ಹೋಗಿಬಿಟ್ಟ.

ಒಳಗೆ ಮ್ಯಾನೇಜರು ಕಾದಿದ್ದರು. "ನನ್ನ ಪರಿಚಯದ ಗಾಡಿಯವನೊಬ್ಬ ನಮ್ಮ ಸಾಲದಷ್ಟು ಕೊಡ್ತಾನಂತೆ. ತಳ್ಳಿಬಿಡಿ, ಪೀಡೆ ತೊಲಗಲಿ."

"ಆಗಲ್ಲ ಸಾರ್. ನ್ಯಾಯವಾದ ಬೆಲೆಗೇ ಮಾರ್ಬೇಕು. ನಮ್ಮದು ಮುರ್ಕೊಂಡು ಉಳಿದಿದ್ದು ಹುಲ್ಲಿನ ವ್ಯಾಪಾರಿಗೆ. ಹುಲ್ಲಿನ ಬಾಕಿಗೆ ಅವರಿಗೂ ಇದೇ ಕುದುರೆ ಒತ್ತೆ ಆಗಿದೆ. ಆಮೇಲೂ ಉಳಿದ್ರೆ ಮೇಷ್ಟ್ರದ್ದು."

ಅಷ್ಟರಲ್ಲಿ ಹುಲ್ಲಿನ ವ್ಯಾಪಾರಿಯೇ ಬಂದ. "ಏನ್ರೀ ಇದು, ಕುದುರೇನೋ ಹಳೇ ಸೋಫಾನೋ? ಹಿಂಗೆ ಧೂಳು ಹಿಡಿದಿದ್ರೆ ಯಾರ್ರೀ ಬೆಲೆ ಕಟ್ತಾರೆ? ನನ್ನ ಬಾಕಿ ನಿಮ್ಮಪ್ಪ ಕೊಡ್ತಾರಾ?"

ಅಧಿಕಾರಿ ತೋಳು ಮಡಚಿ ಬ್ರಷ್ ಹಿಡಿದ. "ಕೂದಲು ಹೋಗೋ ಕಡೆಗೇ ಉಜ್ಜಿ ಸಾರ್," ಎಂದು ಮೇಷ್ಟ್ರು ಹೊರಗಿನಿಂದ ಹೇಳಿಕೊಟ್ಟರು. ಅಧಿಕಾರಿಗೆ ಊಟದ ಡಬ್ಬಿ ತಂದ ಹೆಂಡತಿ, "ಮನೇಲಿ ಒಂದು ಲೋಟ ತೊಳೆದವರಲ್ಲ!" ಎಂದು ಬಾಯಿ ತೆರೆದವಳು, ಕಣ್ಣೊರೆಸಿಕೊಳ್ಳುತ್ತಿದ್ದ ಮೇಷ್ಟ್ರನ್ನು ಕಂಡು, ಡಬ್ಬಿ ಇಟ್ಟವಳೇ ಹೊರಟುಹೋದಳು.

ಹರಾಜಿನಲ್ಲಿ ಗಾಡಿಯವನು ಕುದುರೆಯ ಹಲ್ಲು ನೋಡಿ ಮುಖ ಸಿಂಡರಿಸಿ ಕಡಿಮೆ ಬೆಲೆ ಕೂಗಿದ. ದಪ್ಪ ಕನ್ನಡಕದ ಹೆಂಗಸೊಬ್ಬಳು ಹೆಚ್ಚು ಕೂಗಿದಳು. ಅವನು ಏರಿಸಿದಂತೆಲ್ಲ ಅವಳೂ ಏರಿಸಿದಳು. ಕೊನೆಗೆ ಅವನು ಗೊಣಗುತ್ತ ಹಿಂದೆ ಸರಿದ. ಬ್ಯಾಂಕಿನ ಸಾಲ ತೀರಿತು, ಹುಲ್ಲಿನ ಬಾಕಿ ತೀರಿತು, ಮೇಷ್ಟ್ರ ಕೈಗೂ ಒಂದಿಷ್ಟು ಬಂತು.

"ಮರ್ಯಾದೆಯಾಗಿ ಮಾರಿದ್ರಿ ಸಾರ್," ಎಂದ ಮೇಷ್ಟ್ರು ಕುದುರೆ ಹೋದ ದಾರಿಯತ್ತ ತಿರುಗಿ ನೋಡದೆ ನಡೆದರು.

ಸಂಜೆ ಅಧಿಕಾರಿ ಮನೆಗೆ ಬಂದರೆ, ಅಂಗಳದಲ್ಲಿ ಕುದುರೆ ಅವನ ಒಗೆದ ಅಂಗಿ ತಿನ್ನುತ್ತಿತ್ತು.

"ಹರಾಜಲ್ಲಿ ಕೂಗಿದ ಕನ್ನಡಕದವಳು ನನ್ನ ಗೆಳತಿ," ಎಂದಳು ಹೆಂಡತಿ. "ನಾನೇ ಬಂದಿದ್ರೆ ನೀವು ಬಿಡ್ತಿರ್ಲಿಲ್ಲ. ನಾಳೆ ಮೇಷ್ಟ್ರಿಗೇ ಕೊಟ್ಬಿಡೋಣ ರೀ. ಪಾಠ ಹೇಳಿ ನಿಧಾನಕ್ಕೆ ತೀರಿಸ್ತಾರೆ."

"ದುಡ್ಡು?"

"ಬಳೆ ಒತ್ತೆ ಇಟ್ಟೆ. ನಿಮ್ಮ ಬ್ಯಾಂಕಲ್ಲೇ."

ಅವನು ಮೆಟ್ಟಿಲ ಮೇಲೆ ಕೂತ. ಹರಾಜು ಹಾಕಿದವನ ಮನೆಯವರೇ ಮಾಲು ಕೊಳ್ಳುವಂತಿಲ್ಲ. ಬಚ್ಚಿಟ್ಟರೆ ಯಾರಿಗೂ ತಿಳಿಯದು. ಆದರೆ ಬೆಳಗಿನಿಂದ ಊರಿಗೆಲ್ಲ ನ್ಯಾಯ ಹೇಳಿದ ಬಾಯಿ ಸುಮ್ಮನಿರಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದ.

"ಹರಾಜು ರದ್ದು," ಎಂದರು ಅವರು. "ಹಂಚಿದ ದುಡ್ಡು ವಾಪಸ್ ತರಿಸಿ. ಮುಂದಿನ ಹರಾಜಿನವರೆಗೂ ಮಾಲು ನಿಮ್ಮ ಮನೇಲೇ ಇರ್ಲಿ. ಜೋಪಾನ! ಬಳೆ ಸಾಲದ ಬಡ್ಡಿ ಇವತ್ತಿಂದಲೇ ಶುರು."

ಮೇಷ್ಟ್ರಿಗೂ ಫೋನ್ ಮಾಡಿ ಎಲ್ಲ ಹೇಳಿದ.

"ಹಾಗಾದ್ರೆ... ಅದಿನ್ನೂ ನಂದೇನಾ ಸಾರ್?"

"ಸದ್ಯಕ್ಕೆ ನಿಮ್ಮದೇ."

"ಹೊಸ ಜಾಗದಲ್ಲಿ ಅದು ಒಂಟಿಯಾಗಿ ಮಲಗಲ್ಲ ಸಾರ್. ಹಾಸಿಗೆ ಸುತ್ಕೊಂಡು ಬರ್ತಾ ಇದೀನಿ."